ಅಂಜದೀವದ ದೇವಿಯೂ ಅಂತರ್ಜಾಲದ ದೇವಾಲಯವೂ

ಕಾರವಾರದ ತೆಂಕಣ ಕಡಲಿನಲ್ಲಿ ಬಿಣಗಾ ತೀರಕ್ಕೆದುರಾಗಿ ಸುಮಾರು ಒಂದು ಮೈಲಿ ಉದ್ದದ ದ್ವೀಪವೊಂದುಂಟು. ಅಂಜದೀವ, ಅಂಜಿದೀವ, ಅಂಜೆದಿವ ಎಂದು ಇದರ ಹೆಸರು ಬೇರೆ ಬೇರೆ ಗ್ರಂಥಗಳಲ್ಲಿ ಬೇರೆ ಬೇರೆಯಾಗಿ ಬರೆಯಲ್ಪಟ್ಟಿದೆ. ಐದನೆಯ ದ್ವೀಪವೆಂಬರ್ಥದಿಂದ ಈ ಹೆಸರು ಹುಟ್ಟಿತೆಂದು ಕೆಲವರೂ, ಅಜಾದುರ್ಗೆಯ ನೆಲೆಯಾದುದರಿಂದ ಹೀಗಾಯಿತೆಂದು ಮತ್ತೆ ಕೆಲವರೂ ಹೇಳುವರು. ಎರಡನೆಯ ನಿರುಕ್ತಿಯು ಶಬ್ದಶಾಸ್ತ್ರಕ್ಕೆ ಅಷ್ಟಾಗಿ ಒಗ್ಗುವುದಿಲ್ಲ. ಆದರೂ ಚರಿತ್ರಕಾರನಿಗೆ ಅದೇ ಹೆಚ್ಚು ಉಪಯುಕ್ತವಾದುದು. ಅಂಕೋಲೆಯಲ್ಲಿ ಈಗ ಪೂಜೆಗೊಳ್ಳುತ್ತಿರುವ ಆರ್ಯಾದುರ್ಗಾದೇವಿಯು ಪೂರ್ವದಲ್ಲಿ ಈ ದ್ವೀಪದಲ್ಲಿದ್ದಳೆಂದೂ, ಪೋರ್ತುಗೀಸರ ಭಯದಿಂದ ಭಕ್ತರು ಆಕೆಯನ್ನು ಕಡಲು ದಾಟಿಸಿ ತಂದರೆಂದೂ ಇರುವ ಐತಿಹ್ಯವನ್ನು ಆ ನಿರುಕ್ತಿಯು ತನ್ನೊಳಗೆ ಕಾಪಾಡಿಕೊಂಡು ಬಂದಿದೆ.

ಈ ಹಳೆಯ ವೃತ್ತಾಂತವನ್ನು ಈಗ ಮತ್ತೆ ಪರಿಶೀಲಿಸಬೇಕಾಗಿರುವುದಕ್ಕೆ ಕಾರಣವುಂಟು. ಅಂತರ್ಜಾಲದಲ್ಲಿ ಕಲ್ಲೂ ಮರವೂ ಇಲ್ಲದ ದೇವಾಲಯಗಳು ಕಟ್ಟಲ್ಪಟ್ಟಿವೆ. ಅಲ್ಲಿ ಭಕ್ತರು ಶರೀರದಿಂದ ಬಾರದೆ ಚಿತ್ರರೂಪದಿಂದ ನೆರೆಯುವರು, ಪ್ರಾರ್ಥಿಸುವರು, ಬೋಧನೆಯನ್ನು ಕೇಳುವರು. 2020ರ ಮಹಾಮಾರಿಯ ಕಾಲದಲ್ಲಿ ಗುಡಿಗಳ ಬಾಗಿಲು ಮುಚ್ಚಿದಾಗ ಕನ್ನಡನಾಡಿನ ಸಾಮಾನ್ಯ ಭಕ್ತರೂ ದೇವರನ್ನು ಗಾಜಿನ ಪರದೆಯ ಮೇಲೆ ಕಾಣುವಂತಾಯಿತು. ಇದು ಪೂಜೆಯೋ, ಪೂಜೆಯ ಛಾಯೆಯೋ ಎಂಬ ವಿವಾದವು ಅಂದಿನಿಂದ ಅಡಗಿಲ್ಲ. ದೇವರ ನೆಲೆಯನ್ನು ಸೇರಲಾರದ ಭಕ್ತವೃಂದವು ಭಕ್ತವೃಂದವಾಗಿಯೇ ಉಳಿಯಬಲ್ಲುದೆ, ಉಳಿದರೆ ಯಾವುದರ ಬಲದಿಂದ, ಎಂಬ ಪ್ರಶ್ನೆಯನ್ನು ಈ ಕರಾವಳಿಯವರು ಮಾತ್ರ ಐದುನೂರು ವರ್ಷಗಳ ಹಿಂದೆಯೇ ಎದುರಿಸಿದ್ದರು.

ಮೊದಲು ಸಾಕ್ಷ್ಯಗಳನ್ನು ನೋಡಬಹುದು. ಕ್ರಿ. ಶ. 14ನೆಯ ಶತಮಾನದ ನಡುವಣ ಕಾಲದಲ್ಲಿ ಈ ತೀರದಲ್ಲಿ ಸಂಚರಿಸಿದ ಇಬ್ನ್ ಬತೂತನು ಸಂದಾಪುರದ, ಎಂದರೆ ಗೋವೆಯ, ಸಮೀಪದ ಒಂದು ಸಣ್ಣ ದ್ವೀಪವನ್ನು ವರ್ಣಿಸಿರುವನು. ಅಲ್ಲಿ ಒಂದು ಗುಡಿ, ಒಂದು ತೋಪು, ಒಂದು ನೀರಿನ ಕೊಳ ಇದ್ದುವು. ಗುಡಿಯ ಗೋಡೆಗೊರಗಿ ಎರಡು ವಿಗ್ರಹಗಳ ನಡುವೆ ಒಬ್ಬ ಜೋಗಿಯು ಕುಳಿತಿದ್ದನು. ಈ ದ್ವೀಪವು ಅಂಜದೀವವೇ ಎಂದು ವಿದ್ವಾಂಸರು ಗುರುತಿಸಿರುವರು. ಎರಡನೆಯ ಸಾಕ್ಷ್ಯವು ವಾಸ್ಕೋ ಡ ಗಾಮನ ಮೊದಲನೆಯ ಯಾತ್ರೆಯ ದಿನಚರಿ. ಊರಿಗೆ ಹಿಂದಿರುಗುವ ಮುನ್ನ 1498ರ ಸೆಪ್ಟೆಂಬರಿನಲ್ಲಿ ಅವನ ಹಡಗುಗಳು ಇಲ್ಲಿ ಲಂಗರು ಹಾಕಿದ್ದುವು. ದೊಡ್ಡ ಕಲ್ಲುಗಳಿಂದ ಕಟ್ಟಿದ ದೇವಾಲಯವೊಂದು ದ್ವೀಪದ ಮೇಲೆ ಹಾಳಾಗಿ ಬಿದ್ದಿತ್ತೆಂದೂ, ಒಂದು ಭಾಗಕ್ಕೆ ಮಾತ್ರ ಹುಲ್ಲಿನ ಮಾಡು ಹೊದಿಸಿದ್ದಿತೆಂದೂ, ಅದರ ನಡುವೆ ಇದ್ದ ಮೂರು ಕರಿಯ ಕಲ್ಲುಗಳಿಗೆ ಜನರು ಪ್ರಾರ್ಥನೆ ಸಲ್ಲಿಸುತ್ತಿದ್ದರೆಂದೂ ದಿನಚರಿಯಲ್ಲಿ ಬರೆದಿದೆ. ಕಡೆದ ಕಲ್ಲಿನ ಕೊಳವೊಂದರ ಪ್ರಸ್ತಾಪವೂ ಅಲ್ಲುಂಟು. ಗುಡಿಯನ್ನು ಕೆಡವಿದವರು ಮುಸಲ್ಮಾನರೆಂದು ಸ್ಥಳಿಕರು ಹೇಳಿದರೆಂಬ ಮಾತನ್ನು ಮಾತ್ರ ಎಚ್ಚರದಿಂದ ಗ್ರಹಿಸಬೇಕು. ದೇವಾಲಯವನ್ನು ಇಗರ್ಜಿಯೆಂದೇ ತಿಳಿದಿದ್ದ ಬರೆಹಗಾರನಿಗೆ ಸ್ಥಳಿಕರ ಭಾಷೆ ಎಷ್ಟರಮಟ್ಟಿಗೆ ತಿಳಿದೀತು? ಕೆಡವಿದವರು ಯಾರೆಂಬುದು ಸಂದಿಗ್ಧವಾದರೂ ಗುಡಿಯು ಆ ವೇಳೆಗಾಗಲೇ ಹಾಳಾಗಿದ್ದಿತೆಂಬುದು ನಿಸ್ಸಂದಿಗ್ಧ.

ಇದರಿಂದ ಐತಿಹ್ಯವು ಸುಳ್ಳಾಗುವುದಿಲ್ಲ. ಅದರೊಳಗೆ ಎರಡು ಸಂಗತಿಗಳು ಒಂದರಲ್ಲೊಂದು ಬೆರೆತಿವೆಯೆಂದು ಮಾತ್ರ ತಿಳಿಯುವುದು. ಪೋರ್ತುಗೀಸರು ಬರುವುದಕ್ಕೆ ಮೊದಲೇ ಶಿಲಾಮಂದಿರವು ಬಿದ್ದುಹೋಗಿತ್ತು. ಆದರೆ ಪೂಜೆಯು ಬಿದ್ದುಹೋಗಿರಲಿಲ್ಲ. ಬಿದ್ದ ಗುಡಿಯ ಮೇಲೆ ಹುಲ್ಲು ಹೊದಿಸಲು ಕಡಲು ದಾಟಿ ಹೋಗುವ ಜನರಿದ್ದರು. ಪ್ರತಿ ಮಳೆಗಾಲದ ಹೊಡೆತಕ್ಕೂ ಕೊಳೆಯುವ ಹುಲ್ಲನ್ನು ಮತ್ತೆ ಮತ್ತೆ ಹೊದಿಸಬೇಕೆಂಬುದನ್ನು ಕರಾವಳಿಯಲ್ಲಿ ಬಾಳಿದವರಿಗೆ ಹೇಳಬೇಕಾದುದಿಲ್ಲ. 1505ರಲ್ಲಿ ಅಲ್ಮೇಡನು ದ್ವೀಪದ ಮೇಲೆ ಕೋಟೆಯನ್ನು ಕಟ್ಟಿಸತೊಡಗಿದ ಮೇಲೆ ಆ ಸೇವೆಗೂ ಎಡೆಯಿಲ್ಲದಾಗಿರಬೇಕು. ಮರುವರ್ಷವೇ ಆ ಕೋಟೆಯನ್ನು ಅವರೇ ಕೆಡವಿ ಬಿಟ್ಟುಹೋದರೂ ದೇವಿಯು ಹಿಂದಿರುಗಿ ಹೋಗಲಿಲ್ಲ. ಕುಶಸ್ಥಳಿಯ ಮಂಗೇಶನನ್ನು 1560ರಲ್ಲಿ ನದಿ ದಾಟಿಸಿ ಪ್ರಿಯೋಳಕ್ಕೆ ಒಯ್ದುದೇ ಮೊದಲಾಗಿ ಗೋವೆಯ ದೇವತೆಗಳು ಸ್ಥಾನ ಬದಲಿಸಿದ ಪ್ರಸಿದ್ಧ ವೃತ್ತಾಂತಗಳೊಡನೆ ಅಂಕೋಲೆಯ ಈ ವೃತ್ತಾಂತವೂ ಸೇರತಕ್ಕುದು.

ಸ್ಥಾನವು ಬದಲಾದರೆ ಸಾನ್ನಿಧ್ಯವು ಕೆಡುವುದಿಲ್ಲವೆ? ಆಗಮಜ್ಞರಿಗೆ ಇದು ಹೊಸ ಪ್ರಶ್ನೆಯಲ್ಲ. ಗುಡಿಯನ್ನು ಜೀರ್ಣೋದ್ಧಾರ ಮಾಡುವಾಗ ಬಿಂಬದಲ್ಲಿರುವ ದೇವತಾಕಲೆಯನ್ನು ಕಲಾಕರ್ಷಣವೆಂಬ ವಿಧಿಯಿಂದ ಕುಂಭದೊಳಕ್ಕೆ ಬರಮಾಡಿಕೊಂಡು, ಬಾಲಾಲಯದಲ್ಲಿಟ್ಟು, ಕೆಲಸವು ಮುಗಿದ ಮೇಲೆ ಮರಳಿ ಪ್ರತಿಷ್ಠಿಸುವರು. ಒಂದು ಕೊಡ ನೀರಿನಲ್ಲಿ ದೇವರು ತಿಂಗಳುಗಟ್ಟಲೆ ನೆಲಸಿರಬಹುದೆಂದು ಒಪ್ಪುವ ಶಾಸ್ತ್ರವು ಆಧಾರದ್ರವ್ಯದ ವಿಷಯದಲ್ಲಿ ಉದಾರವಾದುದೆಂದೇ ಹೇಳಬೇಕು. ಭಾಗವತದ ಏಕಾದಶಸ್ಕಂಧದಲ್ಲಿ ಪೂಜಾವಿಧಿಯನ್ನು ಹೇಳುವಲ್ಲಿ ಎಂಟು ಬಗೆಯ ಪ್ರತಿಮೆಗಳು ಗಣಿತವಾಗಿವೆ: ಕಲ್ಲಿನದು, ಮರದ್ದು, ಲೋಹದ್ದು, ಲೇಪದಿಂದಾದುದು, ಬರೆದ ಚಿತ್ರ, ಮಳಲಿನದು, ಮಣಿಯದು ಮತ್ತು ಮನೋಮಯಿ. ಬಣ್ಣದ ಚಿತ್ರಕ್ಕೆ ನೀರೆರೆಯಲಾಗದು. ಆದಕಾರಣ ಅದಕ್ಕೆ ಒರಸುವುದೇ ಸ್ನಾನವೆಂದು ಅಲ್ಲಿಯೇ ವ್ಯವಸ್ಥೆಯುಂಟು. ಶಂಕರಾಚಾರ್ಯರ ಹೆಸರಿನಲ್ಲಿ ಪ್ರಚಲಿತವಾದ ಶಿವಮಾನಸಪೂಜಾಸ್ತೋತ್ರದಲ್ಲಿ ಆಸನದಿಂದ ತಾಂಬೂಲದವರೆಗೆ ಎಲ್ಲ ಉಪಚಾರಗಳೂ ಮನಸ್ಸಿನಲ್ಲಿಯೇ ಕಲ್ಪಿತವಾಗಿವೆ. ಕಲ್ಪಿತವಾದುದೆಂಬ ಒಂದೇ ಕಾರಣದಿಂದ ಪೂಜೆಯನ್ನು ತಳ್ಳಿಹಾಕುವವರು ಈ ಸ್ಥಳಗಳನ್ನು ಮರೆತಿರುವರೆನ್ನಬೇಕಾಗುವುದು.

ಆದರೂ ಪರದೆಯ ಮೇಲಿನ ಬಿಂಬವು ಈ ಎಂಟರೊಳಗೆ ಯಾವುದಕ್ಕೆ ಸೇರೀತೆಂದು ಥಟ್ಟನೆ ಹೇಳುವುದು ಸುಲಭವಲ್ಲ. ಅದು ಬರೆದ ಚಿತ್ರದಂತೆ ನಿಲ್ಲುವುದಿಲ್ಲ, ಅದಕ್ಕೆ ಆವಾಹನವಾಗಿಲ್ಲ. ಮನೋಮಯಿಯೋ ಸಾಧಕನ ಸ್ವಂತ ಮನಸ್ಸಿನ ದುಡಿಮೆಯಿಂದ ಕಡೆಯಲ್ಪಡತಕ್ಕುದು. ಪರರು ಕಡೆದುಕೊಟ್ಟುದನ್ನು ಸುಮ್ಮನೆ ನೋಡುವುದರಿಂದ ಆಗತಕ್ಕುದಲ್ಲ. ದೂರದ ಗುಡಿಯ ಪೂಜೆಯನ್ನು ತೋರಿಸುವ ಪರದೆಯು ಪ್ರತಿಮೆಯಲ್ಲ, ಗವಾಕ್ಷವೆನ್ನುವುದೇ ಯುಕ್ತವೆಂದು ತೋರುವುದು. ಕಿಟಕಿಯಿಂದ ದೇವರನ್ನು ಕಂಡವನಿಗೆ ದರ್ಶನವಾಗಲಿಲ್ಲವೆಂದು ಉಡುಪಿಯ ಕನಕನ ಕಿಂಡಿಯನ್ನು ಬಲ್ಲ ಯಾರೂ ಹೇಳಲಾರರು.

ಈಗ ಪರದೇಶದ ಕಲ್ಪಿತದೇವಾಲಯಗಳ ಕಡೆಗೆ ತಿರುಗಬಹುದು. 2004ರ ಮೇ 11ರಂದು ಇಂಗ್ಲೆಂಡಿನಲ್ಲಿ ಮೆಥಡಿಸ್ಟ್ ಸಭೆಯ ನೆರವಿನಿಂದ ‘ಚರ್ಚ್ ಆಫ್ ಫೂಲ್ಸ್’ ಎಂಬ ಅಂತರ್ಜಾಲದ ಇಗರ್ಜಿಯು ಆರಂಭವಾಯಿತು. ಲಂಡನ್ನಿನ ಬಿಷಪ್ಪರಾದ ರಿಚರ್ಡ್ ಚಾರ್ಟರ್ಸ್ ಮೊದಲನೆಯ ಬೋಧನೆಯನ್ನು ಮಾಡಿದರು. ಕಂಬ, ಕಮಾನು, ಪೀಠಗಳೆಲ್ಲ ಚಿತ್ರದವು. ಒಳಗೆ ಬರುವವನು ಒಂದು ಚಿಕ್ಕ ಗೊಂಬೆಯ ರೂಪವನ್ನು ತಾಳಿ ನಡೆಯುವನು, ಕೂರುವನು, ಮೊಣಕಾಲೂರುವನು. ಈ ಗೊಂಬೆಗೆ ಪಾಶ್ಚಾತ್ಯರು ಇಟ್ಟಿರುವ ಹೆಸರು ಸಾಕ್ಷಾತ್ ನಮ್ಮ ‘ಅವತಾರ’ ಶಬ್ದವೇ. ಅಶರೀರಿಯು ಶರೀರಕ್ಕಿಳಿಯುವುದು ಅವತಾರವೆಂದು ಪೌರಾಣಿಕರ ಮತ. ಇಲ್ಲಿ ಶರೀರಿಯು ಅಶರೀರಕ್ಕೇರುವುದು ಅವತಾರವಾಗಿದೆ. ಶಬ್ದಗಳ ಗತಿಯು ವಿಚಿತ್ರವಾದುದು.

ಬಾಗಿಲು ತೆರೆದಿದ್ದ ಈ ಇಗರ್ಜಿಗೆ ಭಕ್ತರೊಡನೆ ಪುಂಡರೂ ನುಗ್ಗಿದರು. ಪೀಠವನ್ನೇರಿ ಬೈಗುಳನ್ನು ಕೂಗಿದರು. ಆಗ ಕೆಲವರು ದ್ವಾರಪಾಲಕರಾಗಿ ನಿಂತು ಅಂಥವರನ್ನು ಹೊರಗೆ ಹಾಕುವ ಕೆಲಸವನ್ನು ವಹಿಸಿಕೊಳ್ಳಬೇಕಾಯಿತು. ಆ ವರ್ಷದ ಸೆಪ್ಟೆಂಬರಿನಲ್ಲಿ ಎಲ್ಲರೂ ಕೂಡಿ ಸೇರುತ್ತಿದ್ದ ಚಿತ್ರಮಂದಿರವು ನಿಂತುಹೋಯಿತು. ಸೋಜಿಗದ ಮಾತೆಂದರೆ ಸಮುದಾಯವು ಚದುರಲಿಲ್ಲ. ಅವರು ಬರಿಯ ಬರೆಹದ ಮೂಲಕವೇ ಕಲೆಯುತ್ತ ಪ್ರಾರ್ಥನೆಯನ್ನು ಮುಂದುವರಿಸಿ, 2006ರಲ್ಲಿ ‘ಸೇಂಟ್ ಪಿಕ್ಸೆಲ್ಸ್’ ಎಂಬ ಹೊಸ ಹೆಸರಿನಿಂದ ನಿಂತರು. ಅಂಜದೀವದ ಹುಲ್ಲಿನ ಮಾಡನ್ನು ಇಲ್ಲಿ ನೆನೆಯದಿರಲಾಗುವುದಿಲ್ಲ. ಎರಡೂ ಕಡೆ ಮಂದಿರವು ಹೋದ ಮೇಲೆ ಉಳಿದವರು ಸುಮ್ಮನೆ ನೋಡಲು ಬರುತ್ತಿದ್ದವರಲ್ಲ, ಒಂದೊಂದು ಕೆಲಸವನ್ನು ಹೊತ್ತಿದ್ದವರು. ‘ಸೆಕೆಂಡ್ ಲೈಫ್’ ಎಂಬ ಕಲ್ಪಿತಲೋಕದಲ್ಲಿ 2007ರಲ್ಲಿ ಆಂಗ್ಲಿಕನ್ ಪಂಥದವರೂ ಒಂದು ಮಹಾದೇವಾಲಯವನ್ನು ಕಟ್ಟಿದರು. ಅದನ್ನು ನಿಲ್ಲಿಸಿದ್ದು ‘ಎಪಿಫನಿ’ ಎಂದು ಹೆಸರಿಟ್ಟ, ಎಲ್ಲಿಯೂ ಇಲ್ಲದ ಒಂದು ದ್ವೀಪದ ಮೇಲೆ.

ರೋಮಿನ ಸಭೆಯು ಈ ವಿಷಯದಲ್ಲಿ ಮೊದಲೇ ಗೆರೆಯೆಳೆದಿತ್ತು. ಅಂತರ್ಜಾಲದಿಂದ ಬೋಧನೆಗೆ ಉಪಕಾರವುಂಟು, ಆದರೆ ಸಂಸ್ಕಾರಗಳು ಅಲ್ಲಿ ನಡೆಯಲಾರವು ಎಂದು 2002ರಲ್ಲಿ ವ್ಯಾಟಿಕನ್ನಿನ ಒಂದು ಪತ್ರವು ನಿರ್ಣಯಿಸಿತು. ಈ ನಿರ್ಣಯವು ಕಾರವಾರದ ಕ್ರೈಸ್ತರಿಗೆ ದೂರದ ಮಾತಲ್ಲ. 1682ರಲ್ಲಿ ಪೋರ್ತುಗೀಸರು ಅಂಜದೀವಕ್ಕೆ ಮರಳಿ ಬಂದರಷ್ಟೆ; ಬ್ರೋತಸ್ ಮಾತೆಯ ಇಗರ್ಜಿಯೂ ಸಂತ ಫ್ರಾನ್ಸಿಸರ ಇಗರ್ಜಿಯೂ ಅಲ್ಲಿವೆ. ಫೆಬ್ರವರಿ 2ರ ಹಬ್ಬಕ್ಕೆ ಕರಾವಳಿಯ ಭಕ್ತರು ದೋಣಿಗಳಲ್ಲಿ ಹೋಗುವ ಸಂಪ್ರದಾಯವಿದ್ದಿತು. 1961ರ ಡಿಸೆಂಬರಿನಲ್ಲಿ ಭಾರತದ ನೌಕಾಪಡೆಯು ಕಾದಾಡಿ ದ್ವೀಪವನ್ನು ಬಿಡಿಸಿಕೊಂಡಿತು. ಅನಂತರ ಸೀಬರ್ಡ್ ಯೋಜನೆ ಬಂದಿತು. 1986ರಲ್ಲಿ ಅದರ ಅಡಿಗಲ್ಲು ಬಿದ್ದು, 2005ರ ಮೇ 31ರಂದು ಕದಂಬ ನೌಕಾನೆಲೆಯು ಕಾರ್ಯಾರಂಭ ಮಾಡಿತು. ಇದಕ್ಕಾಗಿ ಕಾರವಾರ ಅಂಕೋಲೆಗಳ 13 ಗ್ರಾಮಗಳ ನಾಲ್ಕು ಸಾವಿರಕ್ಕಿಂತ ಹೆಚ್ಚು ಕುಟುಂಬಗಳು ನೆಲೆ ಬಿಡಬೇಕಾಯಿತು. ದ್ವೀಪವನ್ನು ಈಗ ಕಲ್ಲಿನ ಒಡ್ಡೊಂದು ಒಳನಾಡಿಗೆ ಸೇರಿಸಿದೆ. ಕಡಲು ನಡುವಿದ್ದಾಗ ಹೋಗುತ್ತಿದ್ದವರಿಗೆ ದಾರಿಯಾದ ಮೇಲೆ ಹೋಗಲಾಗದಂತಾಯಿತು. ರಕ್ಷಣೆಯ ಕಾರಣದಿಂದ ಯಾತ್ರಿಕರ ಪ್ರವೇಶವು ನಿರ್ಬಂಧಕ್ಕೊಳಗಾಯಿತು. ದೇವಿಯ ಭಕ್ತರು ಒಮ್ಮೆ ಕಳೆದುಕೊಂಡ ದ್ವೀಪವನ್ನು ಮಾತೆಯ ಭಕ್ತರೂ ಹೀಗೆ ಕಳೆದುಕೊಂಡರು. ರಾಜ್ಯರಕ್ಷಣೆಯ ಅಗತ್ಯವನ್ನು ಯಾರೂ ಅಲ್ಲಗಳೆಯರು. ಆದರೆ ಕಳೆದುಕೊಂಡವರ ಲೆಕ್ಕದಲ್ಲಿ ಇದನ್ನೂ ಬರೆಯತಕ್ಕುದು.

ಮಹಾಮಾರಿಯ ಕಾಲದ ಸಂಗತಿಯು ಎಲ್ಲರಿಗೂ ವಿದಿತವೇ ಆಗಿದೆ. 2020ರ ಮೇ ತಿಂಗಳಲ್ಲಿ, ಕೋಟ ಶ್ರೀನಿವಾಸ ಪೂಜಾರಿಯವರು ಮುಜರಾಯಿ ಸಚಿವರಾಗಿದ್ದಾಗ, ಇಲಾಖೆಗೆ ಸೇರಿದ ದೇವಾಲಯಗಳಲ್ಲಿ ಅಂತರ್ಜಾಲದ ಮೂಲಕ ಸೇವೆ ಮಾಡಿಸುವ ಏರ್ಪಾಡು ಪ್ರಕಟವಾಯಿತು. ಇದನ್ನು ಅಪೂರ್ವವೆಂದು ಹೊಗಳಿದವರೂ ಅಪಚಾರವೆಂದು ಹಳಿದವರೂ ಉಂಟು. ಎರಡು ಪಕ್ಷದವರೂ ಮನಿಆರ್ಡರನ್ನು ಮರೆತಂತಿದೆ. ಊರು ಬಿಟ್ಟು ಮುಂಬಯಿ ಸೇರಿದವರು ಹೆಸರು, ಗೋತ್ರ, ನಕ್ಷತ್ರಗಳನ್ನು ಬರೆದು ಹಣ ಕಳುಹಿಸಿ, ಅಂಚೆಯ ಲಕೋಟೆಯಲ್ಲಿ ಪ್ರಸಾದದ ಕುಂಕುಮವನ್ನು ಪಡೆದುದು ನೆನ್ನೆ ಮೊನ್ನೆಯ ಮಾತಲ್ಲ.

ಈ ವಿಷಯದಲ್ಲಿ ಪೂರ್ವಮೀಮಾಂಸೆಯ ಆರನೆಯ ಅಧ್ಯಾಯದ ಮೂರನೆಯ ಪಾದಕ್ಕಿಂತ ಒಳ್ಳೆಯ ದಾರಿದೀಪವಿಲ್ಲ. ಅಲ್ಲಿ ಜೈಮಿನಿಯು ಪ್ರತಿನಿಧಿಯ ವಿಚಾರವನ್ನು ಮಾಡಿರುವನು. ಭತ್ತವು ದೊರೆಯದಿದ್ದರೆ ನೀವಾರವಾಗಬಹುದು. ದ್ರವ್ಯಕ್ಕೆ ಪ್ರತಿನಿಧಿ ಸಲ್ಲುವುದು. ಆದರೆ ದೇವತೆಗೆ, ಅಗ್ನಿಗೆ, ಮಂತ್ರಕ್ಕೆ, ಕ್ರಿಯೆಗೆ ಸಲ್ಲುವುದಿಲ್ಲ. ಫಲಸ್ವಾಮಿಯಾದ ಯಜಮಾನನಿಗೂ ಸಲ್ಲುವುದಿಲ್ಲ. ದೂರದಿಂದ ಸೇವೆ ಮಾಡಿಸುವವನನ್ನು ಈ ಒರೆಗೆ ಹಚ್ಚಿದರೆ ಅವನು ಗೆಲ್ಲುವನು: ಸಂಕಲ್ಪವು ಅವನದು, ತ್ಯಾಗವು ಅವನದು, ಅರ್ಚಕನು ಋತ್ವಿಕ್ಕಿನಂತೆ ಕರ್ತೃ, ಇಲ್ಲಿ ಯಾರ ಬದಲಿಗೆ ಯಾರೂ ನಿಂತಿಲ್ಲ. ಏಕಾಂಗಿಯ ಪೂಜೆಯು ದೂರವನ್ನು ದಾಟಬಲ್ಲುದು.

ಆದರೆ ಊರಿನ ಪೂಜೆ? ವೈಶಾಖದ ಹುಣ್ಣಿಮೆಗೆ ಅಂಕೋಲೆಯಲ್ಲಿ ಭೂಮಿತಾಯಿ ಶಾಂತಾದುರ್ಗೆಯ ಬಂಡಿಹಬ್ಬವು ನಡೆಯುವುದು. ಹಾಲಕ್ಕಿ ಒಕ್ಕಲಿಗರು ಮೊದಲಾಗಿ ಸೀಮೆಯ ನಾನಾ ಸಮುದಾಯಗಳಿಗೆ ಅದರಲ್ಲಿ ಪರಂಪರೆಯಿಂದ ಬಂದ ಪಾಲುಂಟು. ಅಲ್ಲಿ ಹಬ್ಬವೆಂಬುದು ಯಾರೋ ಮಾಡಿ ಉಳಿದವರು ನೋಡತಕ್ಕ ಪದಾರ್ಥವಲ್ಲ. ಎಲ್ಲರ ಕ್ರಿಯೆಗಳ ಮೊತ್ತವೇ ಹಬ್ಬ. ಕ್ರಿಯೆಗೆ ಪ್ರತಿನಿಧಿಯಿಲ್ಲವೆಂಬ ನ್ಯಾಯವು ಇಲ್ಲಿ ಬಂದು ನಾಟುವುದು. ಪರದೆಯು ಬಂಡಿಯನ್ನು ತೋರಿಸಬಲ್ಲುದು, ಹೆಗಲನ್ನು ಕೊಡಿಸಲಾರದು.

ಹೆಗಲು ಕೊಡುವುದರ ಬೆಲೆ ಅಲ್ಪವೆಂದು ಯಾರೂ ತಿಳಿಯಬಾರದು. ಕಾರವಾರದ ಎದುರಿನ ಕೂರ್ಮಗಡ ದ್ವೀಪದಲ್ಲಿ ಪುಷ್ಯದ ಹುಣ್ಣಿಮೆಯಂದು ನರಸಿಂಹದೇವರ ಜಾತ್ರೆ. 2019ರ ಜನವರಿ 21ರಂದು ಜಾತ್ರೆಯಿಂದ ಹಿಂದಿರುಗುತ್ತಿದ್ದ ದೋಣಿಯೊಂದು ಮಗುಚಿ 16 ಮಂದಿ ಪ್ರಾಣ ನೀಗಿದರು. ಹೀಗಿರುವಾಗ ವೃದ್ಧರಿಗೂ ಮಕ್ಕಳಿಗೂ ದೇವರನ್ನು ಮನೆಯಲ್ಲಿಯೇ ತೋರಿಸಬಾರದೇಕೆ ಎಂದು ಕೇಳುವವರನ್ನು ಭಕ್ತಿಹೀನರೆನ್ನುವುದು ಕ್ರೂರವಾದ ಮಾತು. ದೋಣಿಗಳಿಗೆ ಮಿತಿಯನ್ನೂ ರಕ್ಷಣೆಯನ್ನೂ ಕಲ್ಪಿಸುವುದು ಮೊದಲ ಕರ್ತವ್ಯ. ಹೋಗಲಾರದವರಿಗೆ ಗವಾಕ್ಷವನ್ನು ತೆರೆಯುವುದು ಅನಂತರದ್ದು. ಯಾರೂ ಹೋಗಬೇಕಾದುದಿಲ್ಲವೆಂಬುದು ಮಾತ್ರ ಬೇರೆಯೇ ಮಾತು. ಹುಲ್ಲು ಹೊದಿಸಲು ಯಾರೂ ಹೋಗದಿದ್ದರೆ 1498ರಲ್ಲಿ ಆ ಮೂರು ಕರಿಯ ಕಲ್ಲುಗಳು ಕಲ್ಲುಗಳಾಗಿಯೇ ಇರುತ್ತಿದ್ದುವು.

ಯಜಮಾನನಿಗೆ ಪ್ರತಿನಿಧಿಯಿಲ್ಲವೆಂಬ ನಿಯಮಕ್ಕೆ ಜೈಮಿನಿಯೇ ಒಂದು ಅಪವಾದವನ್ನು ಹೇಳಿರುವನು. ಸತ್ರದಲ್ಲಿ ಹದಿನೇಳಕ್ಕೆ ಕಡಿಮೆಯಿಲ್ಲದಂತೆ ಹಲವರು ಕೂಡಿ ಯಜಮಾನರಾಗುವರು. ನಡುವೆ ಒಬ್ಬನು ಕಾಲವಾದರೆ ಸಂಖ್ಯೆಯು ಒಡೆಯದಂತೆ ಇನ್ನೊಬ್ಬನನ್ನು ಕರೆತಂದು ಸೇರಿಸಿಕೊಳ್ಳಬಹುದು. ಹಾಗೆ ಬಂದವನು ಕೆಲಸವನ್ನೆಲ್ಲ ಮಾಡುವನು, ಫಲವು ಅವನದಲ್ಲ. ಕೂಡಿ ಮಾಡುವ ಕರ್ಮದಲ್ಲಿ ಬರಿದಾದ ಸ್ಥಾನವನ್ನು ತುಂಬಲು ಬೇಕಾದವನು ಕೈ ದುಡಿಯುವ ಮನುಷ್ಯನೆಂಬುದು ಶಬರಸ್ವಾಮಿಯ ಕಾಲದವರಿಗೂ ತಿಳಿದಿದ್ದಿತು. ಅಂಕೋಲೆಯ ಆರ್ಯಾದುರ್ಗೆಯ ಗುಡಿಯಲ್ಲಿ ಈಗಲೂ ದೂರದೂರದ ಕುಳಾವಿಗಳು ಬಂದು ಸೇವೆ ಸಲ್ಲಿಸುವರು. ಅವರಲ್ಲಿ ಅಂಜದೀವವನ್ನು ಕಣ್ಣಾರೆ ಕಂಡವರು ವಿರಳ.