ಭೀಮಾ ತೀರದ ಹುಣ್ಣಿಮೆಗಳು

ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಹಳ್ಳಿಗಳಲ್ಲಿ ವರ್ಷದ ಲೆಕ್ಕ ಇಂದಿಗೂ ಹುಣ್ಣಿಮೆ ಅಮಾವಾಸ್ಯೆಗಳ ಮೇಲೆಯೇ ನಡೆಯುತ್ತದೆ. ಒಂದೊಂದು ಹುಣ್ಣಿಮೆಗೂ ಒಂದೊಂದು ಹೆಸರು. ಚೈತ್ರದ್ದು ದವನದ ಹುಣ್ಣಿಮೆ, ವೈಶಾಖದ್ದು ಆಗಿ ಹುಣ್ಣಿಮೆ, ಎತ್ತುಗಳನ್ನು ಸಿಂಗರಿಸುವ ಜ್ಯೇಷ್ಠದ್ದು ಕಾರಹುಣ್ಣಿಮೆ, ಆಷಾಢದ್ದು ಕಡ್ಲಿಗಡುಬಿನ ಹುಣ್ಣಿಮೆ, ಶ್ರಾವಣದ್ದು ನೂಲ ಹುಣ್ಣಿಮೆ. ಹೀಗೆ ಸೀಗಿ, ಗೌರಿ, ಹೊಸ್ತಿಲು, ಬನ, ಭಾರತ, ಹೋಳಿ ಎಂದು ಪಟ್ಟಿ ಬೆಳೆಯುತ್ತದೆ. ಬಹುಪಾಲು ಹೆಸರುಗಳು ಅಡುಗೆಮನೆ, ಹೊಲ, ದನದ ಕೊಟ್ಟಿಗೆಗಳಿಂದ ಬಂದಿರುವುದು ಗಮನಾರ್ಹ. ದೇವರ ಹೆಸರುಗಳು ಅಲ್ಲೊಂದು ಇಲ್ಲೊಂದು.

ಹುಣ್ಣಿಮೆಗೆ ಪಾವಿತ್ರ್ಯ ಬಂದದ್ದು ಬಹಳ ಹಿಂದೆ. ವೇದಕಾಲದ ಗೃಹಸ್ಥನು ಅಮಾವಾಸ್ಯೆ ಹುಣ್ಣಿಮೆಗಳಿಗೆ ದರ್ಶ-ಪೂರ್ಣಮಾಸ ಇಷ್ಟಿಗಳನ್ನು ಮಾಡುತ್ತಿದ್ದ. ಅದರ ಹಿಂದಿನ ದಿನ ಊಟದಲ್ಲಿ ನಿಯಮವಿಟ್ಟುಕೊಂಡು ಅಗ್ನಿಯ ಬಳಿ ಇರುವುದಕ್ಕೆ 'ಉಪವಸಥ' ಎಂದು ಹೆಸರು. ಉಪವಾಸ ಎಂಬ ಮಾತು ಅದಕ್ಕೆ ತೀರ ಹತ್ತಿರದ್ದು. ಬೌದ್ಧರ ಪಾಳಿಯಲ್ಲಿ 'ಉಪೋಸಥ'ವಾದದ್ದೂ ಅದೇ ಮಾತು. ಮೂಲದ ಅರ್ಥ ಹತ್ತಿರ ವಾಸಿಸುವುದು. ಇಂದು ಉಪವಾಸವೆಂದರೆ ಸಾಬೂದಾಣಿ ಖಿಚಡಿ ಎಂಬಲ್ಲಿಗೆ ಬಂದು ನಿಂತಿದೆ, ಆ ಮಾತು ಬೇರೆ.

ಬೌದ್ಧರು ಈ ದಿನವನ್ನು ಸ್ವೀಕರಿಸಿದ ಕಥೆ ವಿನಯಪಿಟಕದಲ್ಲಿದೆ. ಬೇರೆ ಪಂಥಗಳ ಪರಿವ್ರಾಜಕರು ಪಕ್ಷದ ಎಂಟು, ಹದಿನಾಲ್ಕು, ಹದಿನೈದನೆಯ ದಿನಗಳಲ್ಲಿ ಸೇರಿ ಧರ್ಮ ಹೇಳುತ್ತಾರೆ, ಜನ ಕೇಳಲು ಹೋಗುತ್ತಾರೆ, ನಮ್ಮ ಭಿಕ್ಷುಗಳೂ ಏಕೆ ಸೇರಬಾರದು ಎಂದು ಮಗಧದ ಅರಸ ಬಿಂಬಿಸಾರ ಬುದ್ಧನನ್ನು ಕೇಳಿದ. ಬುದ್ಧ ಒಪ್ಪಿದ. ಭಿಕ್ಷುಗಳು ಸೇರಿದರು, ಆದರೆ ಸುಮ್ಮನೆ ಕುಳಿತರು. ಕೇಳಲು ಬಂದ ಜನ ಗೊಣಗಿದರು. ಆಮೇಲೆ ಆ ದಿನ ಧರ್ಮ ಹೇಳಲೇಬೇಕು ಎಂಬ ನಿಯಮವಾಯಿತು. ಗೃಹಸ್ಥರು ಅಂದು ಎಂಟು ಶೀಲಗಳನ್ನು ಪಾಲಿಸಿ, ಮಧ್ಯಾಹ್ನದ ನಂತರ ಉಣ್ಣದೆ, ಉಪದೇಶ ಕೇಳುವರು. ಎಂದರೆ ಪರ್ವದಿನದ ತಿರುಳು ಕೇಳುವುದರಲ್ಲಿತ್ತು.

ಈ ಕೇಳುವ ದಿನಕ್ಕೆ ಕಲ್ಲಿನ ಸಾಕ್ಷಿ ಭೀಮಾ ತೀರದಲ್ಲೇ ಇದೆ. ಆಳಂದ ಸೀಮೆಯಲ್ಲಿ ಹುಟ್ಟುವ ಅಮರ್ಜಾ ನದಿ ಅಫಜಲಪುರ ತಾಲೂಕಿನ ಗಾಣಗಾಪುರದಲ್ಲಿ ಭೀಮೆಯನ್ನು ಕೂಡುತ್ತದೆ. ಭೀಮೆ ಅಲ್ಲಿಂದ ಜೇವರ್ಗಿ ಸೀಮೆಯನ್ನು ಹಾದು ಚಿತ್ತಾಪುರ ತಾಲೂಕಿನ ಸನ್ನತಿಗೆ ಬರುತ್ತದೆ. 1986ರಲ್ಲಿ ಸನ್ನತಿಯ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿದ್ದ ಕಾಳಿಯ ಗುಡಿಯ ಛಾವಣಿ ಕುಸಿಯಿತು. ವಿಗ್ರಹಕ್ಕೆ ಪೀಠವಾಗಿದ್ದ ಚಪ್ಪಡಿಯನ್ನು ನೋಡಿದರೆ ಅದರ ಎರಡೂ ಮೈಮೇಲೆ ಬ್ರಾಹ್ಮೀ ಲಿಪಿಯ ಅಶೋಕನ ಶಾಸನಗಳಿದ್ದವು. ವಿಗ್ರಹವನ್ನು ಕೂರಿಸಲು ನಡುವೆ ಕೊರೆದ ರಂಧ್ರದಲ್ಲಿ ಕೆಲವು ಅಕ್ಷರಗಳು ಹೋಗಿದ್ದವು.

ಅಲ್ಲಿದ್ದ ಶಾಸನಗಳಲ್ಲಿ ಎರಡು ವಿಶೇಷವಾದವು. ಅದುವರೆಗೆ ಒಡಿಶಾದ ಧೌಲಿ, ಜೌಗಡಗಳಲ್ಲಿ ಮಾತ್ರ ಕಂಡಿದ್ದ ಅವನ್ನು ವಿದ್ವಾಂಸರು 'ಪ್ರತ್ಯೇಕ ಶಾಸನ'ಗಳೆನ್ನುತ್ತಾರೆ. ಪ್ರಜೆಗಳೆಲ್ಲ ತನ್ನ ಮಕ್ಕಳು. ಯಾರನ್ನೂ ಕಾರಣವಿಲ್ಲದೆ ಸೆರೆಯಲ್ಲಿಡಬಾರದು, ಹಿಂಸಿಸಬಾರದು. ಮತ್ಸರ, ಕೋಪ, ಸೋಮಾರಿತನ ನ್ಯಾಯ ಮಾಡುವವನಿಗೆ ಸಲ್ಲವು ಎಂದು ಅರಸ ಇವುಗಳಲ್ಲಿ ಅಧಿಕಾರಿಗಳಿಗೆ ಹೇಳುತ್ತಾನೆ. ಈ ಶಾಸನವನ್ನು ತಿಷ್ಯ ನಕ್ಷತ್ರದ ದಿನ ಕೇಳಿಸಬೇಕು, ನಡುನಡುವೆ ಒಬ್ಬನೇ ಇದ್ದರೂ ಕೇಳಿಸಬಹುದು ಎಂಬುದು ಅದರ ಅಪ್ಪಣೆ. ತಿಷ್ಯವೆಂದರೆ ಈಗಿನ ಪಂಚಾಂಗದ ಪುಷ್ಯ. ತಿಷ್ಯದಂದು ಎತ್ತು ಕುದುರೆಗಳಿಗೆ ಬರೆ ಹಾಕಕೂಡದೆಂದು ಅಶೋಕ ತನ್ನ ಸ್ತಂಭಶಾಸನದಲ್ಲಿ ಬೇರೆ ವಿಧಿಸಿದ್ದಾನೆ. ಪುಣ್ಯದಿನವೆಂದರೆ ಪ್ರಜೆ ದೇವರ ಮುಂದೆ ನಿಲ್ಲುವ ದಿನವೆಂದು ನಾವು ತಿಳಿದಿದ್ದೇವೆ. ಈ ಕಲ್ಲಿನ ಪ್ರಕಾರ ಅಧಿಕಾರಿ ತನ್ನ ಕರ್ತವ್ಯದ ಮಾತು ಕೇಳಬೇಕಾದ ದಿನವೂ ಅದೇ. ಅಂಥ ಕಲ್ಲು ಶತಮಾನಗಳ ಕಾಲ ದೇವಿಯ ಕೆಳಗೆ ಮೌನವಾಗಿ ಮಲಗಿತ್ತು. ಪೂಜೆ ತಪ್ಪಲಿಲ್ಲ, ಮಾತು ಮಾತ್ರ ಕೇಳಿಸಲಿಲ್ಲ. ಸಮೀಪದ ಕನಗನಹಳ್ಳಿಯಲ್ಲಿ 1994ರಿಂದ ನಡೆದ ಉತ್ಖನನದಲ್ಲಿ ದೊಡ್ಡ ಸ್ತೂಪದ ಅವಶೇಷಗಳೊಡನೆ, ಹೆಸರು ಕೊರೆದಿರುವ ಅಶೋಕನ ಶಿಲ್ಪವೂ ದೊರೆಯಿತು.

ಹಿಂದೂ ಬೌದ್ಧ ಪರ್ವಗಳು ನಿಜವಾಗಿ ಒಂದೇ ದಿನ ಕೂಡುವುದು ಆಷಾಢದ ಕಡ್ಲಿಗಡುಬಿನ ಹುಣ್ಣಿಮೆಗೆ. ಅಂದು ಸನ್ಯಾಸಿಗಳು ವ್ಯಾಸಪೂಜೆ ಮಾಡಿ ಚಾತುರ್ಮಾಸ್ಯಕ್ಕೆ ಕೂರುತ್ತಾರೆ. ಭಕ್ತರಿಗೆ ಅದು ಗುರುಪೂರ್ಣಿಮೆ. ಬೌದ್ಧರಿಗೆ ಅದು ಸಾರನಾಥದಲ್ಲಿ ಬುದ್ಧ ಮೊದಲ ಉಪದೇಶ ಮಾಡಿದ ದಿನ. ಮರುದಿನದಿಂದ ಭಿಕ್ಷುಗಳ ಮಳೆಗಾಲದ ವಾಸ. ಅದು ಸೀಗಿ ಹುಣ್ಣಿಮೆಗೆ ಮುಗಿಯುತ್ತದೆ. ಮಳೆಯಲ್ಲಿ ಅಲೆದರೆ ಎಳೆಯ ಪೈರು, ಹುಳುಹುಪ್ಪಟೆ ಕಾಲಿಗೆ ಸಿಕ್ಕು ಸಾಯುತ್ತವೆಂಬುದು ಶಾಸ್ತ್ರ ಹೇಳುವ ಕಾರಣ. ಆಳಂದ ಜೇವರ್ಗಿಗಳ ಎರೆಹೊಲವನ್ನು ಮಳೆ ಬಿದ್ದ ಮೇಲೆ ದಾಟಿದವರಿಗೆ ಬೇರೆ ಕಾರಣ ಹೇಳಬೇಕಾಗಿಲ್ಲ. ಕಾಲಿಗೆ ಮೆತ್ತಿದ ಮಣ್ಣು ಹೆಜ್ಜೆಹೆಜ್ಜೆಗೂ ಭಾರವಾಗುತ್ತದೆ. ಕಾಲು ನಿಂತಾಗ ಕಿವಿ ತೆರೆಯುತ್ತದೆ. ಪುರಾಣ ಪ್ರವಚನಗಳು ಮಳೆಗಾಲದಲ್ಲೇ ಕಳೆಗಟ್ಟುವುದು ಅದಕ್ಕೆ.

ಗಾಣಗಾಪುರದ ಹಿರಿಮೆ 15ನೆಯ ಶತಮಾನದ ನರಸಿಂಹ ಸರಸ್ವತಿಗಳದು. ವಿದರ್ಭದ ಕಾರಂಜದಲ್ಲಿ ಹುಟ್ಟಿದ ಈ ಯತಿಯನ್ನು ದತ್ತಾತ್ರೇಯನ ಅವತಾರವೆಂದು ಭಕ್ತರು ನಂಬುತ್ತಾರೆ. ಅವರ ಕಥೆಯನ್ನು 'ಗುರುಚರಿತ್ರ'ವೆಂದು ಮರಾಠಿಯಲ್ಲಿ ಬರೆದ ಸರಸ್ವತಿ ಗಂಗಾಧರರದು ಆಳಂದ ತಾಲೂಕಿನ ಕಡಗಂಚಿ. ಹೊಸ್ತಿಲ ಹುಣ್ಣಿಮೆಯ ದತ್ತ ಜಯಂತಿಗೆ ಈ ಗ್ರಂಥದ ಸಪ್ತಾಹ ಮುಗಿಯುತ್ತದೆ. ಭಾರತ ಹುಣ್ಣಿಮೆಯ ಮರುದಿನ, ಗುರುಪ್ರತಿಪದೆಯಂದು, ಯತಿಗಳು ಊರು ಬಿಟ್ಟು ಶ್ರೀಶೈಲದತ್ತ ಹೊರಟರೆಂಬ ನೆನಪು. ಮಧ್ಯಾಹ್ನ ಭಕ್ತರು ಐದು ಮನೆಗಳಲ್ಲಿ ಮಧುಕರಿ ಬೇಡುತ್ತಾರೆ. ಸನ್ನತಿಯ ಭಿಕ್ಷುಗಳಿಗೂ ಊಟದ ಹೊತ್ತು ಮಧ್ಯಾಹ್ನದ ಒಳಗೇ ಇತ್ತು.

ಆ ಗ್ರಂಥದಲ್ಲೊಂದು ಪ್ರಸಂಗವಿದೆ. ದೀಪಾವಳಿಗೆ ಏಳು ಮಂದಿ ಶಿಷ್ಯರು ತಂತಮ್ಮ ಊರಿಗೆ ಗುರುವನ್ನು ಕರೆದರು. ಯಾರ ಮನೆಗೆ ಹೋಗುವುದು? ಎಲ್ಲರಿಗೂ ಬರುತ್ತೇನೆಂದು ಹೇಳಿ ಕಳಿಸಿದರು. ಕಾರ್ತಿಕದ ಹುಣ್ಣಿಮೆಗೆ ಶಿಷ್ಯರು ಗಾಣಗಾಪುರದಲ್ಲಿ ಸೇರಿದಾಗ ಪ್ರತಿಯೊಬ್ಬನೂ ಗುರು ತನ್ನ ಮನೆಯಲ್ಲೇ ಇದ್ದರೆಂದ. ಗಾಣಗಾಪುರದವರೋ ಅವರು ಊರು ಬಿಟ್ಟೇ ಇಲ್ಲವೆಂದರು. ಪವಾಡವೆಂದು ಕೈಮುಗಿದು ಮುಂದೆ ಹೋಗುವವರೇ ಹೆಚ್ಚು. ಹಬ್ಬಕ್ಕೆ ದೇವರು ಮನೆಗೇ ಬರಬಲ್ಲನೆಂಬ ಅದರ ಸೂಚನೆ ಸಂಗಮದ ನೂಕುನುಗ್ಗಲಿನಲ್ಲಿ ಯಾರಿಗೂ ನೆನಪಾಗುವುದಿಲ್ಲ.

ಇದೇ ನೆಲದಲ್ಲಿ 12ನೆಯ ಶತಮಾನದ ಶರಣರ ದಾರಿಯೂ ಇದೆ. ತಿಥಿ ವಾರಗಳ ಕಟ್ಟನ್ನು ಅವರು ಒಪ್ಪಲಿಲ್ಲ. ಆದರೂ ಜೇವರ್ಗಿ ತಾಲೂಕಿನ ಅರಳಗುಂಡಗಿಯಲ್ಲಿ ಹುಟ್ಟಿ, ಕಲಬುರಗಿಯಲ್ಲಿ ದಾಸೋಹ ನಡೆಸಿದ ಶರಣಬಸವೇಶ್ವರರ ತೇರು ಎಳೆಯುವುದು ಹೋಳಿ ಹುಣ್ಣಿಮೆಯ ಐದನೆಯ ದಿನ. ಜನರ ಲೆಕ್ಕ ಅಷ್ಟು ಸುಲಭವಾಗಿ ಬದಲಾಗುವುದಿಲ್ಲ.

ಅಂಬೇಡ್ಕರರು 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬೌದ್ಧ ದೀಕ್ಷೆಗೆ ವಿಜಯದಶಮಿಯ ದಿನವನ್ನೇ ಆರಿಸಿಕೊಂಡರು. ಹಳೆಯ ದಿನಕ್ಕೆ ಹೊಸ ಮಾತು ಬಂತು. 2009ರ ಜನವರಿ 7ರಂದು ಕಲಬುರಗಿಯಲ್ಲಿ ಬುದ್ಧ ವಿಹಾರ ಲೋಕಾರ್ಪಣೆಯಾಯಿತು. ಆಗಿ ಹುಣ್ಣಿಮೆ ಈ ಭಾಗದ ಅನೇಕ ಮನೆಗಳಲ್ಲಿ ಈಗ ಬುದ್ಧ ಪೂರ್ಣಿಮೆ.

ತಿಷ್ಯದ ಹುಣ್ಣಿಮೆಯೂ ಹೋಗಿಲ್ಲ. ರೈತರು ಹೊಲದಲ್ಲಿ ಚರಗ ಚೆಲ್ಲಿ, ಸಜ್ಜೆಯ ರೊಟ್ಟಿ, ಭಜ್ಜಿಗಳನ್ನು ಬಂಧುಬಳಗದೊಡನೆ ಉಣ್ಣುವ ಎಳ್ಳಮಾವಾಸ್ಯೆ ಕಳೆದು ಹದಿನೈದು ದಿನಕ್ಕೆ ಅದು ಬರುತ್ತದೆ. ಊರವರು ಅದನ್ನು ಬನದ ಹುಣ್ಣಿಮೆ ಎನ್ನುತ್ತಾರೆ.