ಚಿನ್ನದ ರೇಕು ಬಡಿಯುವವರ ಬೀದಿಯಲ್ಲಿ ಕವಿತೆಯ ಅಂಗಡಿ

ಕವನ ಸಂಕಲನ ಖರ್ಚಾಗುವುದಿಲ್ಲ ಎಂದು ಪ್ರಕಾಶಕರು ಹೇಳುವುದನ್ನು ಕೇಳಿದಾಗಲೆಲ್ಲ ನನಗೆ ಹೆರಾಲ್ಡ್ ಮನ್ರೋ ನೆನಪಾಗುತ್ತಾನೆ. ಅವನೂ ಈ ಮಾತು ಕೇಳಿದ್ದ. ಕೇಳಿಯೂ, ಕವಿತೆಯನ್ನೇ ನಂಬಿ ಲಂಡನ್ನಿನಲ್ಲಿ ಒಂದು ಅಂಗಡಿ ತೆರೆದ.

ಅದಕ್ಕೆ ಮೊದಲು ಅವನ ಕೈಯಲ್ಲಿದ್ದದ್ದು ಪತ್ರಿಕೆ. 1912ರಲ್ಲಿ ಅವನು ‘ಪೊಯೆಟ್ರಿ ರಿವ್ಯೂ’ದ ಸಂಪಾದಕ. ಅದರ ಹಿಂದಿದ್ದ ಸಂಘ ಕವಿತೆ ಬರೆಯುವವರದ್ದು ಅನ್ನುವುದಕ್ಕಿಂತ ಕವಿತೆಯನ್ನು ನಾಟಕೀಯವಾಗಿ ಒಪ್ಪಿಸುವವರದ್ದು ಎನ್ನಬೇಕು. ಮನ್ರೋಗೆ ಅದು ಒಗ್ಗಲಿಲ್ಲ. ಒಂದೇ ವರ್ಷಕ್ಕೆ ಹೊರಬಂದು ‘ಪೊಯೆಟ್ರಿ ಅಂಡ್ ಡ್ರಾಮಾ’ ಎಂಬ ಸ್ವಂತ ತ್ರೈಮಾಸಿಕ ಹೊರಡಿಸಿದ. ಪತ್ರಿಕೆ, ಪ್ರಕಾಶನ, ಮಾರಾಟ, ಓದು ಎಲ್ಲವೂ ಒಂದೇ ಸೂರಿನಡಿ ಇರಬೇಕೆಂಬುದು ಅವನ ಹಟ. ಆ ಸೂರು ಬ್ಲೂಮ್ಸ್‌ಬರಿಯ 35, ಡೆವನ್‌ಶೈರ್ ಸ್ಟ್ರೀಟ್. ಹೆಸರು ‘ಪೊಯೆಟ್ರಿ ಬುಕ್‌ಶಾಪ್’.

ಬೀದಿಯೇನೂ ಘನವಾದದ್ದಲ್ಲ. ಬಡವರ ಓಣಿ. ಅಕ್ಕಪಕ್ಕದಲ್ಲಿ ಚಿನ್ನದ ರೇಕು ಬಡಿಯುವವರ ಕಾರ್ಖಾನೆಗಳು, ಹಗಲೆಲ್ಲ ಸುತ್ತಿಗೆಯ ಸದ್ದು. ಕೆಳಗೆ ಅಂಗಡಿ, ಮೇಲಿನ ಕೋಣೆಗಳನ್ನು ಕವಿಗಳಿಗೂ ಕಲಾವಿದರಿಗೂ ಕಡಿಮೆ ಬಾಡಿಗೆಗೆ ಕೊಡುತ್ತಿದ್ದರು. ಹಿಂದುಗಡೆಯ ಅಟ್ಟದಂಥ ಜಾಗದಲ್ಲಿ ಕವಿತಾ ವಾಚನ. ಧಾರವಾಡದಲ್ಲಿ ಮನೋಹರ ಗ್ರಂಥಮಾಲೆಯ ಅಟ್ಟ ಏರಿದವರಿಗೆ ಇಂಥ ಜಾಗದ ಪರಿಚಯ ಬೇಕಿಲ್ಲ.

1913ರ ಜನವರಿ 8ರಂದು ಹೆನ್ರಿ ನ್ಯೂಬೋಲ್ಟ್ ಅಂಗಡಿಯನ್ನು ವಿಧ್ಯುಕ್ತವಾಗಿ ಉದ್ಘಾಟಿಸಿದ. ಆ ಸಂಜೆ ಜನರ ನಡುವೆ ಅಮೆರಿಕದಿಂದ ಬಂದಿದ್ದ, 38 ವರ್ಷವಾದರೂ ಒಂದು ಪುಸ್ತಕವೂ ಬಂದಿರದ ಒಬ್ಬನಿದ್ದ. ಅವನೇ ರಾಬರ್ಟ್ ಫ್ರಾಸ್ಟ್. ಅಲ್ಲಿ ಅವನಿಗೆ ಕವಿ ಎಫ್.ಎಸ್. ಫ್ಲಿಂಟ್ ಪರಿಚಯವಾಯಿತು, ಫ್ಲಿಂಟ್‌ನಿಂದ ಎಜ್ರಾ ಪೌಂಡ್‌ಗೆ ಅವನ ಸುದ್ದಿ ಹೋಯಿತು. ಅದೇ ವರ್ಷ ಫ್ರಾಸ್ಟ್‌ನ ಮೊದಲ ಸಂಕಲನ ಲಂಡನ್ನಿನಲ್ಲೇ ಬಂತು. ಪುಸ್ತಕದಂಗಡಿಗಳು ನಿಜವಾಗಿ ಮಾಡುವ ಕೆಲಸ ಇಂಥದ್ದು. ಆದರೆ ಇದು ಯಾವ ಲೆಕ್ಕದ ಪುಸ್ತಕದಲ್ಲೂ ಬರುವುದಿಲ್ಲ.

ವಾರಕ್ಕೆರಡು ಸಂಜೆ, ಮಂಗಳವಾರ ಮತ್ತು ಗುರುವಾರ, ಓದು ನಡೆಯುತ್ತಿತ್ತು. ಪ್ರವೇಶಕ್ಕೆ ಕೆಲವೇ ಪೆನ್ಸ್. ನಟನೆ ಬೇಡ, ಕೈ ಬೀಸುವುದು ಬೇಡ, ಕವಿತೆ ಕೇಳಿಸಬೇಕು, ಓದುವವನು ಮರೆಯಾಗಬೇಕು ಎಂಬುದು ಮನ್ರೋನ ನಿಲುವು. ಗಮಕಿಗಳು ಕುಮಾರವ್ಯಾಸನನ್ನು ರಾಗವಾಗಿ ಹಾಡುವುದನ್ನು ಕೇಳಿ ಬೆಳೆದ ನನಗೆ ಇದು ತುಸು ಒಣಕಲು ಎನ್ನಿಸುತ್ತದೆ. ಆದರೆ ನಮ್ಮ ಕವಿಗೋಷ್ಠಿಗಳಲ್ಲಿ ಪ್ರತಿ ಸಾಲನ್ನೂ ಎರಡೆರಡು ಸಲ ಹೇಳಿ ಚಪ್ಪಾಳೆಗೆ ಕಾಯುವವರನ್ನು ನೋಡಿದಾಗ ಮನ್ರೋನ ಪಕ್ಷವೇ ಸರಿ ಅನ್ನಿಸಿದ್ದೂ ಉಂಟು.

ಅಲ್ಲಿ ರೂಪರ್ಟ್ ಬ್ರೂಕ್ ಓದಿದ, ಯೇಟ್ಸ್ ಓದಿದ. 1913ರ ನವೆಂಬರಿನಲ್ಲಿ ಇಟಲಿಯ ಮರಿನೆಟ್ಟಿ ಬಂದು ಅಬ್ಬರಿಸಿದ. ಮೆಲುದನಿಯ ಓದಿಗೆಂದು ಕಟ್ಟಿದ ಜಾಗದಲ್ಲಿ ಫ್ಯೂಚರಿಸ್ಟರ ಗಲಾಟೆ! ಮನ್ರೋ ಅದನ್ನು ಸಹಿಸಿಕೊಂಡದ್ದಲ್ಲ, ತಾನಾಗಿ ಕರೆತಂದದ್ದು; ಅದಕ್ಕೆ ಮೊದಲು ಪತ್ರಿಕೆಯ ಒಂದು ಸಂಚಿಕೆಯನ್ನೇ ಫ್ಯೂಚರಿಸಂಗೆ ಮೀಸಲಿಟ್ಟಿದ್ದ.

ನನಗೆ ಹೆಚ್ಚು ಕಾಡುವುದು 1915ರ ಒಂದು ಸಂಜೆ. ಅಂಗಡಿಯಲ್ಲಿ ದುಡಿಯುತ್ತಿದ್ದ ಅಲಿಡಾ ಕ್ಲೆಮೆಂಟಾಸ್ಕಿ (ಮುಂದೆ ಮನ್ರೋನನ್ನು ಮದುವೆಯಾದಾಕೆ) ಹಿಂದೊಮ್ಮೆ ಪತ್ರಿಕೆಯೊಂದರಲ್ಲಿ ಒಂದು ಕವಿತೆ ಓದಿ ಬಾಯಿಪಾಠ ಮಾಡಿಕೊಂಡಿದ್ದಳು. ಬರೆದಾಕೆಯ ವಿಳಾಸ ಹುಡುಕಿ, ನಿಮ್ಮ ಕವಿತೆ ಓದುತ್ತೇವೆ, ಬನ್ನಿ ಎಂದು ಕಾಗದ ಬರೆದಳು. ಆ ಸಂಜೆ ಗಿಡ್ಡನೆಯ ಹೆಂಗಸೊಬ್ಬಳು ಬಾಗಿಲಲ್ಲಿ ಬಂದು ನಿಂತಳು. ನೀವು ಷಾರ್ಲಟ್ ಮ್ಯೂ ಅಲ್ಲವೇ ಎಂದು ಕೇಳಿದರೆ, ದುರದೃಷ್ಟವಶಾತ್ ಹೌದು ಎಂಬರ್ಥದ ಉತ್ತರ ಕೊಟ್ಟಳಂತೆ. ಆಗ ಆಕೆಗೆ ನಲವತ್ತೈದು ದಾಟಿತ್ತು, ಒಂದು ಸಂಕಲನವೂ ಬಂದಿರಲಿಲ್ಲ. ಮರುವರ್ಷ ‘ದಿ ಫಾರ್ಮರ್ಸ್ ಬ್ರೈಡ್’ ಇದೇ ಅಂಗಡಿಯಿಂದ ಹೊರಬಂತು. ಅದನ್ನು ಮೆಚ್ಚಿದವರಲ್ಲಿ ಥಾಮಸ್ ಹಾರ್ಡಿಯೂ ಒಬ್ಬ.

ಇಷ್ಟು ಹೇಳಿ ನಿಲ್ಲಿಸಿದರೆ ಮನ್ರೋನನ್ನು ದೇವರ ಪಟದ ಪಕ್ಕದಲ್ಲಿ ಕೂರಿಸಿದಂತಾಗುತ್ತದೆ. 1914ರಲ್ಲಿ ಕಾನ್ರಾಡ್ ಏಕನ್ ಎಂಬ ಅಮೆರಿಕನ್ ಕವಿ ತನ್ನ ಗೆಳೆಯನ ಪದ್ಯವೊಂದನ್ನು ತಂದು ಅವನಿಗೆ ಕೊಟ್ಟ. ಶುದ್ಧ ಹುಚ್ಚು ಎಂದು ಮನ್ರೋ ಹಿಂದಿರುಗಿಸಿದ. ಅದು ಟಿ.ಎಸ್. ಎಲಿಯಟ್‌ನ ‘ಪ್ರುಫ್ರಾಕ್’. ಮರುವರ್ಷ ಷಿಕಾಗೋದ ‘ಪೊಯೆಟ್ರಿ’ ಪತ್ರಿಕೆ ಅದನ್ನು ಅಚ್ಚು ಹಾಕಿತು. 1915ರಲ್ಲಿ ಎಡ್ವರ್ಡ್ ಥಾಮಸ್ ತನ್ನ ಕವಿತೆಗಳನ್ನು ತೋರಿಸಿದಾಗಲೂ ಬೇಡ ಎಂದ. 1917ರ ಏಪ್ರಿಲಿನಲ್ಲಿ ಥಾಮಸ್ ಫ್ರಾನ್ಸಿನ ಯುದ್ಧಭೂಮಿಯಲ್ಲಿ ಸತ್ತ. ಕವಿತೆಗಾಗಿ ಮನೆಮಠ ಕಟ್ಟಿದವನಿಗೂ ಹೊಸ ಕವಿತೆ ಎದುರು ಬಂದು ನಿಂತಾಗ ಗುರುತು ಸಿಗಲಿಲ್ಲ. ಅದೇ ಹೊತ್ತಿನಲ್ಲಿ, ಸೈನ್ಯದ ತರಬೇತಿಯಲ್ಲಿದ್ದ ಅನಾಮಿಕ ಹುಡುಗನೊಬ್ಬ ಅಂಗಡಿಗೆ ಬಂದು ತಂಗಿದಾಗ, ಅವನ ಪದ್ಯಗಳನ್ನು ಕೂತು ತಾಳ್ಮೆಯಿಂದ ನೋಡಿ, ಎಲ್ಲಿ ಸೋತಿದೆ, ಎಲ್ಲಿ ಗೆದ್ದಿದೆ ಎಂದು ಹೇಳಿಕೊಟ್ಟವನೂ ಇವನೇ. ಆ ಹುಡುಗ ವಿಲ್ಫ್ರೆಡ್ ಓವೆನ್.

ದುಡ್ಡಿನ ವಿಷಯ ಹೇಳಲೇಬೇಕು. ಎಡ್ವರ್ಡ್ ಮಾರ್ಷ್ ಸಂಪಾದಿಸಿದ ‘ಜಾರ್ಜಿಯನ್ ಪೊಯೆಟ್ರಿ’ಯ ಐದು ಸಂಪುಟಗಳು, ಅದರಲ್ಲೂ ಮೊದಲಿನವು, ಸಾವಿರಗಟ್ಟಲೆ ಪ್ರತಿ ಮಾರಾಟವಾದವು. ಮಕ್ಕಳು ಗೋಡೆಗೆ ಅಂಟಿಸಿಕೊಳ್ಳಲೆಂದು ಚಿತ್ರಸಹಿತ ಪದ್ಯದ ಹಾಳೆಗಳನ್ನು ಅಚ್ಚು ಹಾಕಿದರು. ಬಣ್ಣ ತುಂಬುವುದಕ್ಕೂ ಅಲಿಡಾ ಕೂರುತ್ತಿದ್ದಳು. ಇಷ್ಟಾದರೂ ಅಂಗಡಿ ತನ್ನ ಕಾಲ ಮೇಲೆ ನಿಲ್ಲಲಿಲ್ಲ. ಕೊರತೆ ತುಂಬಿದ್ದು ಮನ್ರೋನ ಸ್ವಂತ ಆದಾಯ. ಅದರ ಮೂಲ, ಅವನ ಮನೆತನ ತಲೆಮಾರುಗಳಿಂದ ನಡೆಸುತ್ತಿದ್ದ ಖಾಸಗಿ ಹುಚ್ಚಾಸ್ಪತ್ರೆ. ಇಂಗ್ಲಿಷ್ ಕಾವ್ಯದ ಒಂದು ಒಳ್ಳೆಯ ಕಾಲಕ್ಕೆ ಹುಚ್ಚಾಸ್ಪತ್ರೆಯ ದುಡ್ಡು ಬಂಡವಾಳವಾಯಿತು ಎಂಬುದನ್ನು ನಾನು ಕಟ್ಟಿ ಹೇಳುತ್ತಿಲ್ಲ.

ಯುದ್ಧಕಾಲದಲ್ಲಿ ಮನ್ರೋನೂ ಸೈನ್ಯ ಸೇರಬೇಕಾಯಿತು. ಓದುಗಳನ್ನೂ ಅಂಗಡಿಯನ್ನೂ ನಡೆಸಿದವಳು ಅಲಿಡಾ. ಈ ಚರಿತ್ರೆಯನ್ನು ಮನ್ರೋನ ಹೆಸರಲ್ಲಿ ಹೇಳುವುದು ವಾಡಿಕೆ. ಆದರೆ ಬಾಗಿಲು ತೆರೆದಿಟ್ಟವಳು ಆಕೆ ಎಂದೇ ನನ್ನ ಲೆಕ್ಕ.

1926ರಲ್ಲಿ ಅಂಗಡಿ ಬ್ರಿಟಿಷ್ ಮ್ಯೂಸಿಯಂ ಬಳಿಯ ಗ್ರೇಟ್ ರಸೆಲ್ ಸ್ಟ್ರೀಟಿಗೆ ಬಂತು. ಅಷ್ಟರಲ್ಲಿ ಮನ್ರೋನನ್ನು ಕುಡಿತ ಹಿಡಿದಿತ್ತು. 1932ರ ಮಾರ್ಚಿನಲ್ಲಿ ತೀರಿಕೊಂಡ. ಬೇರೆಯವರ ಕವಿತೆಗಳ ನಡುವೆ ಅವನ ಸ್ವಂತ ಕವಿತೆಗಳತ್ತ ಯಾರೂ ಹೆಚ್ಚು ತಿರುಗಿ ನೋಡಿರಲಿಲ್ಲ. ಮರುವರ್ಷ ಅಲಿಡಾ ಅವನ್ನೆಲ್ಲ ಕೂಡಿಸಿ ಸಮಗ್ರ ಸಂಪುಟ ತಂದಳು. ಉದ್ಘಾಟನೆಯ ಸಂಜೆಯಲ್ಲಿದ್ದ ಫ್ಲಿಂಟ್ ಜೀವನಚಿತ್ರ ಬರೆದುಕೊಟ್ಟ. ವಿಮರ್ಶೆಯ ಟಿಪ್ಪಣಿ ಬರೆದವನು ಎಲಿಯಟ್. ಪುಸ್ತಕ ಬಂದು ಎರಡು ವರ್ಷಕ್ಕೆ, 1935ರಲ್ಲಿ, ಅಲಿಡಾ ಅಂಗಡಿ ಮುಚ್ಚಿದಳು.