ಆಟಿಸಂ: ಒಂದೇ ಕಡೆ ನೋಡಿದ ಎಪ್ಪತ್ತು ವರ್ಷ

ಹೇಮಾವತಿ ಹುಟ್ಟುವ ಜಾವಳಿಯಿಂದ ಕಳಸದವರೆಗೆ ನಮ್ಮ ಕಾಫಿ ಸೀಮೆಯಲ್ಲಿ, ಮುಖ ನೋಡಿ ಮಾತಾಡದ ಮಗುವನ್ನು ‘ಸೊಕ್ಕು’ ಅಂತಲೋ ‘ಮಂಕು’ ಅಂತಲೋ ಕರೆದು ಮುಗಿಸುತ್ತೇವೆ. ಆಟಿಸಂ ಎಂಬ ಪದ ಕೇಳಿದವರು ಕೂಡ ‘ಅವರಿಗೆ ಬೇರೆಯವರ ನೋವು ತಿಳಿಯಲ್ಲ’ ಎನ್ನುತ್ತಾರೆ. ಈ ಮಾತಿಗೊಂದು ಇತಿಹಾಸವಿದೆ.

1943ರಲ್ಲಿ ಅಮೆರಿಕದ ವೈದ್ಯ ಲಿಯೋ ಕ್ಯಾನರ್ 11 ಮಕ್ಕಳ ಬಗ್ಗೆ ಬರೆದು, ಜನರೊಂದಿಗೆ ಭಾವನೆಯ ನಂಟು ಬೆಳೆಸುವ ಶಕ್ತಿ ಇವರಲ್ಲಿ ಹುಟ್ಟಿನಿಂದಲೇ ಇಲ್ಲ ಎಂದರು. 1985ರಲ್ಲಿ ಲಂಡನ್ನಿನ ಸೈಮನ್ ಬ್ಯಾರನ್-ಕೋಹೆನ್, ಅಲನ್ ಲೆಸ್ಲಿ, ಉಟಾ ಫ್ರಿತ್ ಗೊಂಬೆಯಾಟದ ಪರೀಕ್ಷೆ ಮಾಡಿದರು. ಸ್ಯಾಲಿ ಬುಟ್ಟಿಯಲ್ಲಿಟ್ಟ ಗೋಲಿಯನ್ನು, ಅವಳಿಲ್ಲದಾಗ ಆನ್ ಪೆಟ್ಟಿಗೆಗೆ ಹಾಕುತ್ತಾಳೆ. ಸ್ಯಾಲಿ ಬಂದು ಎಲ್ಲಿ ಹುಡುಕುತ್ತಾಳೆ? ಆಟಿಸಂ ಇರುವ 20 ಮಕ್ಕಳಲ್ಲಿ 16 ಮಕ್ಕಳು ಪೆಟ್ಟಿಗೆ ತೋರಿಸಿದರು. ಅಳೆದದ್ದು ಇನ್ನೊಬ್ಬರ ಮನಸ್ಸಿನಲ್ಲೇನಿದೆ ಎಂದು ಊಹಿಸುವ ಶಕ್ತಿಯನ್ನು, ಮರುಕವನ್ನಲ್ಲ. ಜನರ ಬಾಯಲ್ಲಿ ಎರಡೂ ಒಂದೇ ಆದವು.

ಒಳಗಿನಿಂದ ಬಂದ ದನಿಗಳಲ್ಲಿ ಒಂದು ನಮ್ಮ ಮೈಸೂರು, ಬೆಂಗಳೂರುಗಳಲ್ಲೇ ಬೆಳೆಯಿತು. 1988ರಲ್ಲಿ ಹುಟ್ಟಿದ ತೀತೋ ರಾಜರ್ಷಿ ಮುಖೋಪಾಧ್ಯಾಯರಿಗೆ ಮಾತು ಬರುತ್ತಿದ್ದದ್ದು ಅಲ್ಪಸ್ವಲ್ಪ. ಅವರು ಬರೆದ ಪುಸ್ತಕವನ್ನು 2000ರಲ್ಲಿ ಬ್ರಿಟನ್ನಿನ ನ್ಯಾಷನಲ್ ಆಟಿಸ್ಟಿಕ್ ಸೊಸೈಟಿ ಪ್ರಕಟಿಸಿತು. ತಾಯಿ ರೂಪಿಸಿದ ಕಲಿಕೆಯ ವಿಧಾನದ ಬಗ್ಗೆ ತಜ್ಞರ ತಕರಾರಿದೆ. ಆದರೆ ತೀತೋ ತಮ್ಮ ಕೈಯಿಂದಲೇ ಬರೆಯುತ್ತಾರೆ.

2012ರಲ್ಲಿ, ಸ್ವತಃ ಆಟಿಸಂ ಇರುವ ಬ್ರಿಟನ್ನಿನ ಸಮಾಜಶಾಸ್ತ್ರಜ್ಞ ಡೇಮಿಯನ್ ಮಿಲ್ಟನ್ ಪ್ರಶ್ನೆಯನ್ನೇ ತಿರುಗಿಸಿದರು: ಅವರು ನಮಗೆ ಅರ್ಥವಾಗಿದ್ದಾರೆಯೇ? ಅಪಾರ್ಥ ಎರಡೂ ಕಡೆಯದು ಎಂಬುದು ಅವರ ವಾದ. 2020ರಲ್ಲಿ ಕ್ಯಾಥರೀನ್ ಕ್ರಾಂಪ್ಟನ್ ತಂಡ ಬಾಯಿಂದ ಬಾಯಿಗೆ ಕತೆ ದಾಟಿಸುವ ಪ್ರಯೋಗ ನಡೆಸಿತು. ಆಟಿಸಂ ಇರುವವರದೇ ಸಾಲಿನಲ್ಲಿ ಕತೆ ಚೆನ್ನಾಗಿಯೇ ದಾಟಿತು, ಬೆರೆತ ಸಾಲಿನಲ್ಲಿ ಹೆಚ್ಚು ಸೋರಿತು. 2025ರಲ್ಲಿ ಹೆಚ್ಚು ಜನರನ್ನು ಸೇರಿಸಿ ಮಾಡಿದಾಗ ಬೆರೆತ ಸಾಲೂ ಹಿಂದೆ ಬೀಳಲಿಲ್ಲ. ಎರಡೂ ಸಲ ಒಂದು ಮಾತ್ರ ಬದಲಾಗಲಿಲ್ಲ: ಆಟಿಸಂ ಇರುವವರು ತಮ್ಮತಮ್ಮಲ್ಲಿ ಬೇರೆಯವರಷ್ಟೇ ಚೆನ್ನಾಗಿ ವಿಷಯ ಮುಟ್ಟಿಸಿದರು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಅಂಗವೈಕಲ್ಯಗಳಲ್ಲಿ ಆಟಿಸಂ ಕೂಡ ಇದೆ. ಆದರೆ ಪ್ರಮಾಣಪತ್ರ ಬೇಕೆಂದರೆ ಮೊದಲು ಮಗು ಆಸ್ಪತ್ರೆಯ ಮೆಟ್ಟಿಲು ಹತ್ತಬೇಕು. ‘ಸೊಕ್ಕು’ ಎಂದು ಹೆಸರಿಟ್ಟ ಮಗುವನ್ನು ಯಾರೂ ಘಟ್ಟದ ರಸ್ತೆಯಲ್ಲಿ ಬಸ್ಸು ಹತ್ತಿಸಿ ಡಾಕ್ಟರ ಹತ್ತಿರ ಕರೆದೊಯ್ಯುವುದಿಲ್ಲ. ಬೇರೆಯವರ ಮನಸ್ಸು ಓದಲಾರರು ಎಂದು ಆ ಮಕ್ಕಳನ್ನು ದೂರುವ ನಾವು, ಅವರ ಮನಸ್ಸು ಓದಲು ಎಷ್ಟು ಹೊತ್ತು ಕೂತಿದ್ದೇವೆ?